ಕೊಡಗಿನ ಶಾಲೆಯಲ್ಲೊಂದು ನೌಕಾ ಪ್ರದರ್ಶನ: ಸಿದ್ಧತೆ ಹೇಗೆ?

ಡಿಸೆಂಬರ್ 4 ನೌಕಾಪಡೆ ದಿನ. ಕೊಡಗಿನಲ್ಲಿ ಭೂಸೇನೆಯ ಕಥೆಯನ್ನು ಮಕ್ಕಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯನವರ ಹೆಸರು ಅವರಿಗೆ ತೊಟ್ಟಿಲಿನಿಂದಲೇ ಗೊತ್ತು. 1965ರ ಯುದ್ಧದಲ್ಲಿ ಹುತಾತ್ಮರಾದ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಸಾಹಸವನ್ನೂ ಅವರು ಕೇಳಿರುತ್ತಾರೆ. ಆದರೆ ಇದೇ ಮನೆಗಳಿಂದ ಹೋಗಿ ಹಡಗುಗಳಲ್ಲಿ ದುಡಿದು ಬಂದವರ ಕಥೆಯನ್ನು ಕೇಳುವವರು ಕಡಿಮೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಕೆಲವು ವರ್ಷಗಳಿಂದ ಮಕ್ಕಳೊಂದಿಗೆ ನೌಕಾ ಪ್ರದರ್ಶನವನ್ನು ಏರ್ಪಡಿಸುತ್ತ ಬಂದಿದ್ದೇನೆ. ಬೆಟ್ಟದ ಮಕ್ಕಳಿಗೆ ಕಡಲನ್ನು ಪರಿಚಯಿಸುವಾಗ ಮೊದಲು ಅವರ ಮನೆಯಿಂದ, ಅವರ ಕಾಡು ಮತ್ತು ಹೊಳೆಯಿಂದ ಹೊರಟು ಆಮೇಲೆ ಕಡಲಿಗೆ ಇಳಿಯಬೇಕು ಎಂಬುದು ಈ ಅವಧಿಯಲ್ಲಿ ನನಗೆ ಮನವರಿಕೆಯಾಗಿದೆ. ಶಾಲೆಯೋ ಊರಿನ ಸಂಘವೋ ವಾಚನಾಲಯವೋ ಇಂಥದೊಂದು ಪ್ರದರ್ಶನ ಮಾಡಬೇಕೆಂದಿದ್ದರೆ ಮುಂದಿನ ವಿವರಗಳು ಉಪಯೋಗಕ್ಕೆ ಬಂದಾವು.

ಮೊದಲನೆಯ ಮಾತು ಸಮಯದ್ದು. ನವೆಂಬರ್ ಕೊನೆಗೆ ಕೆಲಸ ಆರಂಭಿಸಿದರೆ ಯಾವುದೂ ಆಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಕಾಫಿ ಕೊಯ್ಲು ಶುರುವಾಗಿರುತ್ತದೆ, ಭತ್ತ ಕಟಾವಿಗೆ ಬಂದಿರುತ್ತದೆ, ಸುಗ್ಗಿಯ ಹಬ್ಬ ಪುತ್ತರಿ ಹತ್ತಿರವಾಗಿರುತ್ತದೆ. ಮಾತನಾಡಿಸಬೇಕಾದ ಹಿರಿಯರು ಒಬ್ಬರೂ ಮನೆಯಲ್ಲಿ ಸಿಗುವುದಿಲ್ಲ. ನಾಟಿ ಕೆಲಸ ಮುಗಿದು, ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲುವ ಸೆಪ್ಟೆಂಬರ್ ಆರಂಭವೇ ಈ ಕೆಲಸಕ್ಕೆ ಸರಿಯಾದ ಮುಹೂರ್ತ. ಅಲ್ಲಿಂದ ಲೆಕ್ಕ ಹಾಕಿದರೆ ಕೈಯಲ್ಲಿ ಮೂರು ತಿಂಗಳು ಇರುತ್ತದೆ. ಮೊದಲ ತಿಂಗಳನ್ನು ಮನೆ ಮನೆಗೆ ಹೋಗಿ ಕೇಳುವುದಕ್ಕೆ, ಎರಡನೆಯದನ್ನು ಕೇಳಿದ್ದನ್ನು ಪರಿಶೀಲಿಸಿ ಬರೆಯುವುದಕ್ಕೆ, ಮೂರನೆಯದನ್ನು ಮಾದರಿಗಳನ್ನು ಮಾಡುವುದಕ್ಕೆ ಇಟ್ಟುಕೊಳ್ಳಿ.

ಮನೆಗೆ ಹೋಗುವಾಗ ಮಕ್ಕಳನ್ನು ಇಬ್ಬಿಬ್ಬರಾಗಿ ಕಳುಹಿಸಿ. ದೊಡ್ಡ ಗುಂಪು ಬಂದರೆ ಹಿರಿಯರು ಭಾಷಣ ಮಾಡುತ್ತಾರೆ, ಇಬ್ಬರು ಬಂದರೆ ಮಾತನಾಡುತ್ತಾರೆ. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ಗೋಡೆಯಲ್ಲಿ ತೂಗುಹಾಕಿರುವ ಸಮವಸ್ತ್ರದ ಭಾವಚಿತ್ರಗಳನ್ನು ನೋಡಿ, ಬಿಳಿ ಸಮವಸ್ತ್ರದವರು ಯಾರೆಂದು ಕೇಳುವುದರಿಂದ ಮಾತು ತಾನಾಗಿ ತೆರೆದುಕೊಳ್ಳುತ್ತದೆ. ಊರಿನಲ್ಲಿ ನೌಕಾಪಡೆಯವರು ಯಾರಿದ್ದಾರೆಂದು ತಿಳಿಯದಿದ್ದರೆ ಸ್ಥಳೀಯ ಮಾಜಿ ಸೈನಿಕರ ಸಂಘವನ್ನು, ಇಲ್ಲವೇ ಮಡಿಕೇರಿಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಕೇಳಬಹುದು. ಕೇಳುವ ಪ್ರಶ್ನೆಗಳು ಚಿಕ್ಕವಾಗಿರಲಿ. ‘ದೇಶಸೇವೆಯ ಬಗ್ಗೆ ಹೇಳಿ ಅಜ್ಜ’ ಎಂದರೆ ಉತ್ತರ ಎರಡೇ ವಾಕ್ಯದಲ್ಲಿ ಮುಗಿಯುತ್ತದೆ. ‘ಹಡಗಿನಲ್ಲಿ ನೀವು ಮಲಗುತ್ತಿದ್ದದ್ದು ಎಲ್ಲಿ, ಊಟಕ್ಕೆ ಏನು ಕೊಡುತ್ತಿದ್ದರು, ಮೊದಲ ಸಲ ಕಡಲಿಗೆ ಹೋದಾಗ ವಾಂತಿಯಾಯಿತೇ, ನಿಮ್ಮ ಪಾಳಿ ಎಷ್ಟು ಹೊತ್ತಿಗೆ?’ ಎಂದು ಕೇಳಿದರೆ ಸಂಜೆಯವರೆಗೂ ಕಥೆ ಸಾಗುತ್ತದೆ. ನಮ್ಮ ಕಡೆಯ ನಿವೃತ್ತ ಚೀಫ್ ಪೆಟ್ಟಿ ಆಫೀಸರ್ ಒಬ್ಬರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ತಮ್ಮ ಹಡಗಿನ ಎಂಜಿನ್ ಕೋಣೆಯನ್ನು ಕೊಳವೆ ಕೊಳವೆಯಾಗಿ ಚಿತ್ರಿಸಿ ಕೊಟ್ಟರು. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡುತ್ತಿದ್ದ ನಾವು ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ಆ ಹಾಳೆ ನಮ್ಮ ಪ್ರದರ್ಶನದಲ್ಲಿ ಈಗಲೂ ಮೊದಲ ಸ್ಥಾನದಲ್ಲಿದೆ.

ಕೇಳಿದ್ದನ್ನು ಬರೆಯುವಾಗ ಎರಡು ಕಡೆ ಎಡವುವ ಸಂಭವವಿದೆ. ಮೊದಲನೆಯದು ಐಎನ್‌ಎಸ್, ಅಂದರೆ ಇಂಡಿಯನ್ ನೇವಲ್ ಶಿಪ್, ಎಂಬ ಮೂರಕ್ಷರದ್ದು. ಇದನ್ನು ಕಂಡೊಡನೆ ಮಕ್ಕಳು ಹಡಗಿನ ಚಿತ್ರ ಬರೆಯುತ್ತಾರೆ. ಆದರೆ ನೌಕಾಪಡೆಯ ಸಂಪ್ರದಾಯದಂತೆ ದಡದ ಮೇಲಿನ ನೆಲೆಗಳಿಗೂ ಇದೇ ಗೌರವದ ಹೆಸರಿದೆ. ನಾವಿಕರ ಮೊದಲ ತರಬೇತಿ ನಡೆಯುವ ಐಎನ್‌ಎಸ್ ಚಿಲ್ಕಾ ಒಡಿಶಾದ ಸರೋವರದ ದಂಡೆಯಲ್ಲಿದೆ, ತೋಪಿನ ವಿದ್ಯೆ ಕಲಿಸುವ ದ್ರೋಣಾಚಾರ್ಯ ಕೊಚ್ಚಿಯಲ್ಲಿದೆ, ವಿದ್ಯುತ್ ವಿಭಾಗದ ವಲ್ಸುರಾ ಜಾಮ್‌ನಗರದಲ್ಲಿದೆ. ಎಂಜಿನಿಯರಿಂಗ್ ಕಲಿಸುವ ಐಎನ್‌ಎಸ್ ಶಿವಾಜಿಯಂತೂ ಲೋಣಾವಳದಲ್ಲಿ, ನಮ್ಮದೇ ಸಹ್ಯಾದ್ರಿಯ ಇನ್ನೊಂದು ತುದಿಯ ಮಳೆಬೆಟ್ಟದ ಮೇಲಿದೆ ಎಂದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಎರಡನೆಯದು, ಒಂದೇ ಹೆಸರು ಮರಳಿ ಮರಳಿ ಬರುವುದು. ಹಳೆಯ ಹಡಗು ಸೇವೆಯಿಂದ ಬಿಡುಗಡೆಯಾದ ಮೇಲೆ ಅದರ ಹೆಸರನ್ನು ಹೊಸದಕ್ಕೆ ಇಡುವುದು ವಾಡಿಕೆ. ಮೊದಲ ವಿಕ್ರಾಂತ್ ವಿಮಾನವಾಹಕ ನೌಕೆ 1961ರಲ್ಲಿ ಸೇವೆಗೆ ಸೇರಿ 1997ರಲ್ಲಿ ನಿವೃತ್ತವಾಯಿತು, ಈಗಿನದು 2022ರದ್ದು. ಹಿಂದಿನ ನೀಲಗಿರಿ 1972ರದ್ದು, ಇಂದಿನದು 2025ರದ್ದು. ನಮ್ಮ ರಾಜ್ಯದ ನೆನಪು ಹೊತ್ತ ಮೈಸೂರು ಕೂಡ ಎರಡು: ಬ್ರಿಟನ್ನಿನಿಂದ ಕೊಂಡು 1957ರಲ್ಲಿ ಸೇವೆಗೆ ಸೇರಿಸಿದ ಕ್ರೂಸರ್ ಒಂದು, 1999ರಲ್ಲಿ ಸೇವೆಗೆ ಸೇರಿದ ಡಿಸ್ಟ್ರಾಯರ್ ಇನ್ನೊಂದು. ಆದ್ದರಿಂದ ಪ್ರತಿ ಹಡಗಿನ ಹೆಸರಿನ ಪಕ್ಕದಲ್ಲಿ ಅದು ಸೇವೆಗೆ ಸೇರಿದ ವರ್ಷವನ್ನು ಬರೆಯುವುದನ್ನು ಕಡ್ಡಾಯ ಮಾಡಿ.

ಈ ಕಟ್ಟುಪಾಡಿನ ಬೆಲೆ ನನಗೆ ತಪ್ಪು ಮಾಡಿಯೇ ತಿಳಿಯಿತು. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕ್ಷಿಪಣಿ ದೋಣಿ ಚಪಲ್ 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತ್ತು ಎಂದು ನಾನೇ ಫಲಕದಲ್ಲಿ ಬರೆಸಿದ್ದೆ. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗ ಫಲಕವನ್ನು ಇಳಿಸಿದೆವು. ಯುದ್ಧದಲ್ಲಿ ಪ್ರಾಣ ಕೊಟ್ಟವರ ವಿಷಯದಲ್ಲಿ ಊಹೆಗೆ ಎಡೆಯಿರಬಾರದು. ನಿಜವಾಗಿ ಹೋದ ದೋಣಿಗಳ ಹೆಸರು ತಪ್ಪಾದರೆ ಅವುಗಳಲ್ಲಿದ್ದವರಿಗೆ ಅನ್ಯಾಯ ಮಾಡಿದಂತೆ.

ಪ್ರದರ್ಶನಕ್ಕೆ ಎರಡು ಗೋಡೆಗಳು ಸಾಕು, ಒಂದು ಪರಂಪರೆಗೆ ಮತ್ತೊಂದು ಇಂದಿನ ಕೆಲಸಕ್ಕೆ. ಎರಡನ್ನೂ ಎದುರು ಬದುರಾಗಿ ಇಡಿ, ಏಕೆಂದರೆ ಒಂದನ್ನು ನೋಡುತ್ತಿರುವವರು ತಿರುಗಿದೊಡನೆ ಇನ್ನೊಂದು ಕಾಣಬೇಕು.

ಪರಂಪರೆಯ ಗೋಡೆಯನ್ನು ಸಾಮಾನ್ಯವಾಗಿ ಸಿಂಧೂ ನಾಗರಿಕತೆಯ ಲೋಥಲ್‌ನಿಂದ ಆರಂಭಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ನಾನು ಮಾತ್ರ ತಲಕಾವೇರಿಯಿಂದ ಆರಂಭಿಸುತ್ತೇನೆ. ಬ್ರಹ್ಮಗಿರಿಯ ಬುಡದಲ್ಲಿ ಹುಟ್ಟಿದ ಕಾವೇರಿ ಕಡಲನ್ನು ಸೇರುವ ಜಾಗದಲ್ಲಿ ಪೂಂಪುಹಾರ್ ಎಂಬ ಪ್ರಾಚೀನ ಬಂದರು ಇತ್ತು, ಅದು ಚೋಳರ ಹಳೆಯ ರೇವುಪಟ್ಟಣ. ಅದೇ ಚೋಳವಂಶದ ರಾಜೇಂದ್ರನ ಹಡಗುಗಳು 1025ರಲ್ಲಿ ಬಂಗಾಳ ಕೊಲ್ಲಿಯನ್ನು ದಾಟಿ ಸುಮಾತ್ರದ ಶ್ರೀವಿಜಯ ರಾಜ್ಯದ ಮೇಲೆ ದಂಡೆತ್ತಿ ಹೋದವು. ತಾವು ತುಲಾ ಸಂಕ್ರಮಣದಂದು ಮುಳುಗೇಳುವ ನೀರೇ ಅಲ್ಲಿಗೆ ಹೋಗುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ನೋಡಿದ ಮಗು ಆ ಇಸವಿಯನ್ನು ಮರೆಯುವುದಿಲ್ಲ. ಪಶ್ಚಿಮ ಕರಾವಳಿಯ ಕಡೆಗೆ ಬಂದರೆ ಐಹೊಳೆಯ ಶಾಸನ ಕಾದಿದೆ: ಕ್ರಿ.ಶ. 634ರ ಆ ಶಾಸನದಲ್ಲಿ ಕವಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿ ಮದ್ದಾನೆಗಳಂತಹ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಮುತ್ತಿದ್ದನ್ನು ವರ್ಣಿಸಿದ್ದಾನೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ, ಕೋಳಿಕ್ಕೋಡಿನ ಅರಸ ಸಾಮೂದಿರಿಯ ನೌಕಾಬಲವನ್ನು ನಡೆಸಿದ ಕುಂಞಾಲಿ ಮರಕ್ಕಾರರು, 1665ರಲ್ಲಿ ಕಡಲ ಮಾರ್ಗವಾಗಿ ಬಸರೂರಿಗೆ ಬಂದ ಶಿವಾಜಿಯ ಹಡಗುಗಳು, ಇವೆಲ್ಲ ಈ ಗೋಡೆಗೆ ಸೇರಬೇಕಾದವು.

ಕೊಡಗಿನ ಕಾಡಿಗೂ ಇಲ್ಲಿ ಸ್ಥಾನವಿದೆ. ಇದನ್ನು ಬಿಟ್ಟರೆ ಪ್ರದರ್ಶನ ನಮ್ಮದಾಗುವುದಿಲ್ಲ. ಹಾಯಿ ಹಡಗುಗಳ ಕಾಲದಲ್ಲಿ ಕೂವೆಕಂಬಕ್ಕೆ ನೆಟ್ಟಗೆ, ಗಂಟಿಲ್ಲದೆ, ಬಹಳ ಎತ್ತರಕ್ಕೆ ಬೆಳೆದ ಹಗುರ ಮರ ಬೇಕಾಗಿತ್ತು. ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ, ಕೊಡಗಿನ ಪಡುವಣ ಇಳಿಜಾರಿನಲ್ಲಿಯೂ ಬೆಳೆಯುವ, ಸುರಹೊನ್ನೆಯ ಬಳಗಕ್ಕೆ ಸೇರಿದ ಪೂನ್ ಮರಕ್ಕೆ ಇದೇ ಕಾರಣದಿಂದ ಬೇಡಿಕೆಯಿತ್ತು. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ 1817ರಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇನ್ನೂ ನೀರಿನ ಮೇಲೆ ನಿಂತಿದೆ. ಇನ್ನೂರು ವರ್ಷ ಉಪ್ಪುನೀರಿನಲ್ಲಿ ಬಾಳಿದ ಮರದ ಬಗ್ಗೆ ಹೇಳುವಾಗ ಒಂದು ತುಂಡು ತೇಗವನ್ನೂ ಒಂದು ತುಂಡು ಸಿಲ್ವರ್ ಓಕನ್ನೂ ಮೇಜಿನ ಮೇಲಿಟ್ಟು ಮಕ್ಕಳಿಗೆ ಕೈಯಲ್ಲಿ ಹಿಡಿದು ತೂಗಿ ನೋಡಲು ಕೊಡಿ.

ಆಧುನಿಕ ಭಾಗಕ್ಕೆ ಬಂದಾಗ 1946ರ ಫೆಬ್ರುವರಿಯಲ್ಲಿ ಮುಂಬಯಿಯ ತಲ್ವಾರ್ ತರಬೇತಿ ನೆಲೆಯಲ್ಲಿ ಆರಂಭವಾದ ನಾವಿಕರ ಬಂಡಾಯವನ್ನೂ, 1950ರ ಜನವರಿ 26ರಂದು ರಾಯಲ್ ಎಂಬ ಪದ ಬಿದ್ದುಹೋಗಿ ಭಾರತೀಯ ನೌಕಾಪಡೆ ಎಂಬ ಹೆಸರು ನಿಂತದ್ದನ್ನೂ ಒಂದೊಂದು ಚೀಟಿಯಲ್ಲಿ ಮುಗಿಸಬಹುದು. 1971ರ ಪಾಕಿಸ್ತಾನದೊಂದಿಗಿನ ಯುದ್ಧಕ್ಕೆ ಮಾತ್ರ ದೊಡ್ಡ ಜಾಗ ಬಿಡಿ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕಿಲ್ತಾನ್ ಮತ್ತು ಕಚ್ಚಲ್ ಹಡಗುಗಳ ಬೆಂಗಾವಲಿನಲ್ಲಿ ಕರಾಚಿಯ ಸಮೀಪಕ್ಕೆ ಹೋಗಿ, ಪಾಕಿಸ್ತಾನದ ಖೈಬರ್ ಎಂಬ ಡಿಸ್ಟ್ರಾಯರನ್ನೂ ಮುಹಾಫಿಜ್ ಎಂಬ ಸ್ಫೋಟಕ ಶೋಧಕ ಹಡಗನ್ನೂ ಮುಳುಗಿಸಿದವು. ದಡದ ರಕ್ಷಣೆಗೆಂದು ಕಟ್ಟಿದ, ಹೆಚ್ಚು ದೂರ ಹೋಗಲಾರದ ಚಿಕ್ಕ ದೋಣಿಗಳನ್ನು ಶತ್ರುವಿನ ಬಂದರಿನವರೆಗೆ ಒಯ್ದದ್ದೇ ಆಪರೇಷನ್ ಟ್ರೈಡೆಂಟ್ ಎಂಬ ಈ ಕಾರ್ಯಾಚರಣೆಯ ಜಾಣ್ಮೆ. ನೌಕಾಪಡೆ ದಿನಕ್ಕೆ ಈ ತಾರೀಖು ಬಂದದ್ದು ಇದರಿಂದಲೇ. ನಾಲ್ಕು ದಿನಗಳ ಬಳಿಕ ವಿನಾಶ್ ಎಂಬ ದೋಣಿ ತಲ್ವಾರ್ ಮತ್ತು ತ್ರಿಶೂಲ್ ಹಡಗುಗಳ ಜೊತೆ ಮತ್ತೆ ಕರಾಚಿಗೆ ಹೋಯಿತು. ಆದರೆ ಡಿಸೆಂಬರ್ 9ರ ರಾತ್ರಿ ದಿಯು ಬಳಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದರ ದಾಳಿಗೆ ಸಿಕ್ಕಿ ನಮ್ಮ ಯುದ್ಧನೌಕೆ ಖುಕ್ರಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಕಡಲಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಹೋಗದೆ ಅದರೊಂದಿಗೇ ಉಳಿದರು, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ವಿಜಯದ ಚೀಟಿಯ ಪಕ್ಕದಲ್ಲೇ ಇದನ್ನೂ ಅಂಟಿಸಿ. ಒಂದೇ ವಾರದಲ್ಲಿ ಎರಡೂ ನಡೆದವು ಎಂಬುದನ್ನು ಯೋಧರ ಮನೆಗಳಿಂದ ಬಂದ ಮಕ್ಕಳು ಸರಿಯಾಗಿಯೇ ಅರ್ಥಮಾಡಿಕೊಳ್ಳುತ್ತಾರೆ.

ಎದುರಿನ ಗೋಡೆಯನ್ನು ಪ್ರತಿವರ್ಷ ಹೊಸದಾಗಿ ತುಂಬಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಮಕ್ಕಳು ತಂದರೆ ಬೇಡವೆನ್ನಬೇಡಿ, ಆದರೆ ಕೇಂದ್ರ ಸರ್ಕಾರದ ಪತ್ರಿಕಾ ವಾರ್ತಾ ಕಾರ್ಯಾಲಯದ (ಪಿಐಬಿ) ಪ್ರಕಟಣೆಯಲ್ಲಿ ಅದನ್ನು ಹುಡುಕಿ ತಾಳೆ ನೋಡಿದ ಮೇಲಷ್ಟೇ ಅಂಟಿಸಲು ಬಿಡಿ. ಕನ್ನಡದಲ್ಲೂ ಅವರ ಪ್ರಕಟಣೆಗಳು ಬರುತ್ತವೆ. ಯುದ್ಧವಿಲ್ಲದ ದಿನ ನೌಕಾಪಡೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಗೋಡೆಯ ನೆತ್ತಿಯಲ್ಲಿ ದೊಡ್ಡದಾಗಿ ಬರೆದರೆ ಸುದ್ದಿಗಳನ್ನು ಆರಿಸುವುದು ಸುಲಭ. 2024ರ ಮಾರ್ಚ್‌ನಲ್ಲಿ ಕೋಲ್ಕತಾ ಎಂಬ ಡಿಸ್ಟ್ರಾಯರ್, ಸೊಮಾಲಿಯಾದ ಕಡಲ್ಗಳ್ಳರ ವಶದಲ್ಲಿದ್ದ ರುಯೆನ್ ಎಂಬ ಸರಕು ಹಡಗನ್ನು ಅಡ್ಡಗಟ್ಟಿತು. ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳನ್ನು ವಿಮಾನದಿಂದ ಕಡಲಿಗೆ ಇಳಿಸಲಾಯಿತು, 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಗಾಯವಿಲ್ಲದೆ ಪಾರಾದರು. ನಮ್ಮ ಕಾಫಿ ಮತ್ತು ಕರಿಮೆಣಸು ಯುರೋಪಿಗೆ ಹೋಗುವುದೂ ಆ ಕಡಲದಾರಿಯಲ್ಲೇ ಎಂಬುದನ್ನು ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿ, ಮಾರ್ಗ ಸುರಕ್ಷಿತವಾಗಿಲ್ಲದಾಗ ಹಡಗುಗಳು ಆಫ್ರಿಕಾವನ್ನು ಸುತ್ತಿಕೊಂಡು ಹೋಗಬೇಕಾಗುತ್ತದೆ ಎಂದರೆ ಬೆಳೆಗಾರರ ಮನೆಯವರು ಆ ಚೀಟಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ.

2020ರ ಕೊರೋನಾ ಕಾಲದಲ್ಲಿ ಸಮುದ್ರ ಸೇತು ಕಾರ್ಯಾಚರಣೆಯ ಮೂಲಕ 3,992 ಭಾರತೀಯರನ್ನು ಹಡಗುಗಳಲ್ಲಿ ಮರಳಿ ಕರೆತಂದದ್ದು, 2025ರ ನವೆಂಬರ್ ಕೊನೆಯಲ್ಲಿ ಚಂಡಮಾರುತಕ್ಕೆ ಸಿಕ್ಕಿದ ಶ್ರೀಲಂಕಾಕ್ಕೆ ವಿಕ್ರಾಂತ್ ಮತ್ತು ಉದಯಗಿರಿ ಹಡಗುಗಳು ನೆರವು ಮುಟ್ಟಿಸಿದ್ದು ಇದೇ ಗೋಡೆಯ ವಿಷಯಗಳು. 2018ರ ಭೂಕುಸಿತವನ್ನು ಕಂಡ ಜಿಲ್ಲೆಯ ಮಕ್ಕಳಿಗೆ ನೆರವಿನ ಕೆಲಸದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಮಟ್ಟಿಗೆ ಇನ್ನೊಂದು ಸಂಗತಿ: 2025ರ ಏಪ್ರಿಲ್ 5ರಂದು ಸುನಯನಾ ಎಂಬ ಹಡಗು ಹಿಂದೂ ಮಹಾಸಾಗರದ ಒಂಬತ್ತು ಮಿತ್ರದೇಶಗಳ 44 ಸಿಬ್ಬಂದಿಯನ್ನೂ ಹೊತ್ತು ಕಾರವಾರದಿಂದಲೇ ಹೊರಟಿತ್ತು. ಹೆಣ್ಣುಮಕ್ಕಳಿಗೆ ನಾನು ತಪ್ಪದೆ ತೋರಿಸುವುದು ತಾರಿಣಿಯ ಮಾರ್ಗವನ್ನು. ಕೋಳಿಕ್ಕೋಡಿನ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಮತ್ತು ಪುದುಚೇರಿಯ ಲೆಫ್ಟಿನೆಂಟ್ ಕಮಾಂಡರ್ ರೂಪಾ, ಇಬ್ಬರೇ, ಆ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು ಭೂಮಿಯನ್ನು ಸುತ್ತಿ 2025ರ ಮೇ 29ರಂದು ಮರಳಿದರು.

ಎರಡು ಗೋಡೆಗಳನ್ನು ಜೋಡಿಸುವ ಒಂದು ವಸ್ತುವನ್ನು ನಡುವಿನ ಮೇಜಿಗೆ ಇಡಿ, ಅದು ಕೌಂಡಿನ್ಯ. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಈ ಹಾಯಿ ಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಲಾಯಿತು. ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಸಾವಿರಾರು ಹೊಲಿಗೆಗಳನ್ನು ಕೈಯಿಂದಲೇ ಹಾಕಿದರು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಅದೇ ಡಿಸೆಂಬರ್ 29ರಂದು ಅದು ಪೋರಬಂದರಿನಿಂದ ಮಸ್ಕತ್ ಕಡೆಗೆ ಹಾಯಿ ಬಿಚ್ಚಿತು. ಇದರ ಮಾದರಿಗೆ ಹೆಚ್ಚು ಖರ್ಚಿಲ್ಲ: ಎರಡು ತೆಳು ಹಲಗೆಗಳ ಅಂಚಿನಲ್ಲಿ ಬೆರಳಗಲಕ್ಕೆ ಒಂದೊಂದು ತೂತು ಕೊರೆದು, ಸಂದಿಯ ಮೇಲೆ ತೆಂಗಿನ ನಾರನ್ನು ಒತ್ತಿಟ್ಟು, ಹುರಿಯನ್ನು ಅಡ್ಡಡ್ಡ ಹಾಯಿಸಿ ಬಿಗಿಯಾಗಿ ಹೊಲಿಯಬೇಕು. ಹಡಗು ಕಟ್ಟುವವರು ಮರದ ರಾಳ ಮತ್ತು ಮೀನೆಣ್ಣೆ ಬಳಸುತ್ತಾರೆ. ನಮಗೆ ಕರಗಿಸಿದ ಜೇನುಮೇಣ ಸಾಕು. ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಮರ ಹಿಗ್ಗಿ ಸಂದಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಮೊಳೆ ಹೊಡೆದ ಜೋಡಿಯನ್ನೂ ಇಟ್ಟು ಎರಡನ್ನೂ ಮೆಲ್ಲಗೆ ಬಾಗಿಸಿ ನೋಡಲು ಹೇಳಿ, ಅಲೆಯ ಹೊಡೆತಕ್ಕೆ ಹೊಲಿದ ಮೈ ಏಕೆ ಒಗ್ಗುತ್ತದೆ ಎಂಬುದು ಕೈಗೇ ತಿಳಿಯುತ್ತದೆ.

ಗಾತ್ರವನ್ನು ತಿಳಿಸಲು ಕೊಡಗಿನಲ್ಲಿ ಹಾಕಿ ಮೈದಾನಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಈಗಿನ ವಿಕ್ರಾಂತ್‌ನ ಉದ್ದ 262 ಮೀಟರ್, ಅಗಲ 62 ಮೀಟರ್. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಮೂರು ಮೈದಾನಗಳನ್ನು ಉದ್ದಕ್ಕೆ ಜೋಡಿಸಿದರೆ ಹಡಗು ಅದಕ್ಕಿಂತ ಸ್ವಲ್ಪವೇ ಗಿಡ್ಡ, ಅಗಲದಲ್ಲಿ ಮೈದಾನವನ್ನೂ ಮೀರುತ್ತದೆ. ಸುಣ್ಣದ ಪುಡಿಯಿಂದ ಹೆಚ್ಚು ಅಂದರೆ ಮೂಗಿನ ಭಾಗವನ್ನಷ್ಟೇ ಗುರುತಿಸಬಹುದು, ಆದರೂ ಮಕ್ಕಳು ಉಳಿದದ್ದನ್ನು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ. ಗಣಿತದ ಶಿಕ್ಷಕರು ಜೊತೆಗಿದ್ದರೆ ದಿಗಂತದ ಲೆಕ್ಕವನ್ನೂ ಮಾಡಿಸಿ: ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರವಿದೆ ಎಂಬುದು ಸಿಗುತ್ತದೆ. 25 ಮೀಟರ್ ಎತ್ತರದ ಕೂವೆಕಂಬದ ಮೇಲಿನವನಿಗೆ ಸುಮಾರು 18 ಕಿಲೋಮೀಟರ್ ಕಾಣುತ್ತದೆ. 1,748 ಮೀಟರ್ ಎತ್ತರದ ತಡಿಯಂಡಮೋಳಿನ ತುದಿಯಿಂದ ಸುಮಾರು 149 ಕಿಲೋಮೀಟರ್. ಮಳೆ ತೊಳೆದ ತಿಳಿ ಮುಂಜಾನೆಯಲ್ಲಿ ಬೆಟ್ಟದ ಮೇಲಿಂದ ಕಡಲು ಕಂಡೆವೆಂದು ಹಿರಿಯರು ಹೇಳುವುದನ್ನು ಈ ಲೆಕ್ಕ ಎತ್ತಿಹಿಡಿಯುತ್ತದೆ, ರೇಡಾರನ್ನು ಹಡಗಿನ ನೆತ್ತಿಯಲ್ಲೇ ಇಡುವುದರ ಕಾರಣವನ್ನೂ ತಿಳಿಸುತ್ತದೆ.

ಪ್ರವಾಸ ಸೇರಿಸುವುದಾದರೆ ಎರಡು ದಾರಿಗಳಿವೆ. ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ ಮೂಲಕ ಕಣ್ಣೂರಿಗೆ ಹೋದರೆ 1505ರಲ್ಲಿ ಪೋರ್ಚುಗೀಸರು ಕಟ್ಟಿದ ಸೇಂಟ್ ಏಂಜೆಲೊ ಕೋಟೆಯನ್ನೂ, ಲಕ್ಷದ್ವೀಪದ ಮೇಲೆ ಒಡೆತನವಿದ್ದ ಅರಕ್ಕಲ್ ಮನೆತನದ ವಸ್ತುಸಂಗ್ರಹಾಲಯವನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು. ಮಾಕುಟ್ಟದ ರಸ್ತೆಯನ್ನು ಜೋರು ಮಳೆಗಾಲದಲ್ಲಿ ನೆಚ್ಚಬೇಡಿ. ಅದೇ ಜಿಲ್ಲೆಯ ಏಳಿಮಲದಲ್ಲಿ ನೌಕಾಪಡೆಯ ಅಧಿಕಾರಿಗಳನ್ನು ರೂಪಿಸುವ ಅಕಾಡೆಮಿ ಇದೆ, ಆದರೆ ಅದು ತರಬೇತಿ ನೆಲೆಯಾದ್ದರಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆಯದೆ ಹೊರಡಬಾರದು. ಕಾರವಾರಕ್ಕೆ ಕನಿಷ್ಠ ಎರಡು ರಾತ್ರಿ ಬೇಕು. ಅಲ್ಲಿ ಚಪಲ್‌ನ ಒಳಗೆ ಇಳಿದು ನೋಡಬಹುದು. ಸಮೀಪದಲ್ಲೇ ಟುಪೊಲೆವ್ ಕಣ್ಗಾವಲು ವಿಮಾನವನ್ನೂ ಇರಿಸಲಾಗಿದೆ. 2005ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಕದಂಬ ನೆಲೆಯ ಬಗ್ಗೆ ಹೇಳುವಾಗ, ಅದಕ್ಕಾಗಿ ಊರು ಮತ್ತು ಕಡಲತೀರ ಬಿಟ್ಟುಕೊಟ್ಟ ಕುಟುಂಬಗಳನ್ನೂ ನೆನೆಯಬೇಕು. ಹಾರಂಗಿ ಜಲಾಶಯಕ್ಕೆ ನೆಲ ಬಿಟ್ಟವರು ನಮ್ಮಲ್ಲೂ ಇದ್ದಾರಲ್ಲವೇ.

ಸೇರಬಯಸುವ ಮಕ್ಕಳಿಗಾಗಿ ಒಂದು ಮೇಜು ಇರಲಿ. ಕೂಡಿಗೆಯ ಸೈನಿಕ ಶಾಲೆ, ಎನ್‌ಸಿಸಿ, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ, ಅಗ್ನಿವೀರ ನೇಮಕಾತಿ, ಇವುಗಳ ಹೆಸರುಗಳನ್ನಷ್ಟೇ ಬರೆದು, ವಯಸ್ಸು ಮತ್ತು ಅರ್ಹತೆಗೆ ಆಯಾ ವರ್ಷದ ಅಧಿಸೂಚನೆಯನ್ನೇ ಅಂಟಿಸಿ. ಎನ್‌ಡಿಎಯಲ್ಲಿ ತರಬೇತಿ ಮುಗಿಸಿದ ಹೆಣ್ಣುಮಕ್ಕಳ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು ಎಂಬುದನ್ನು ಮರೆಯದೆ ತಿಳಿಸಿ.

ಒಂದು ಎಚ್ಚರಿಕೆ. ಈಗಲೂ ಸೇವೆಯಲ್ಲಿರುವ ಮನೆಮಕ್ಕಳ ಹಡಗು ಎಲ್ಲಿದೆ, ಯಾವಾಗ ಹೊರಡುತ್ತದೆ, ಯಾವಾಗ ರಜೆ ಎಂಬ ವಿವರಗಳನ್ನು ಹೆಮ್ಮೆಯಿಂದ ಬರೆಯಲು ಕುಟುಂಬದವರೇ ಮುಂದೆ ಬರುತ್ತಾರೆ. ಅದನ್ನು ಪ್ರದರ್ಶನದಲ್ಲೂ ಹಾಕಬೇಡಿ, ಫೋಟೊ ತೆಗೆದು ಹಂಚಲೂ ಬಿಡಬೇಡಿ. ನೆಲೆಯೊಳಗೆ ತೆಗೆದ ಚಿತ್ರಗಳು, ಸೇವಾ ಸಂಖ್ಯೆ ಇರುವ ಕಾಗದಗಳು ಕೂಡ ಬೇಡ. ನಿವೃತ್ತರ ಹಳೆಯ ಭಾವಚಿತ್ರಗಳಿಗೂ ಮನೆಯವರ ಒಪ್ಪಿಗೆ ಬೇಕು.

ಪ್ರದರ್ಶನ ಮುಗಿದ ಮಾರನೆಯ ದಿನವೇ ತಂದ ಭಾವಚಿತ್ರ, ಪದಕ, ಮರದ ಲಾಂಛನಗಳನ್ನು ಮಕ್ಕಳೇ ಹೋಗಿ ಮನೆಗಳಿಗೆ ಒಪ್ಪಿಸಿ ರುಜು ಪಡೆಯಬೇಕು. ಫಲಕಗಳನ್ನು ಹಾಗೆಯೇ ಅಟ್ಟಕ್ಕೆ ಏರಿಸಿದರೆ ಜೂನ್ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಿ. ಇಂದಿನ ಗೋಡೆಯ ಹಡಗುಗಳಲ್ಲಿ ಯಾವುದಾದರೂ ಆ ವರ್ಷ ನಿವೃತ್ತವಾಗಿದ್ದರೆ ಅದರ ಚೀಟಿಯನ್ನು ಕಿತ್ತು ಬಿಸಾಡದೆ, ಕೊನೆಯ ವರ್ಷವನ್ನು ಬರೆದು, ಮುಂದಿನ ಸೆಪ್ಟೆಂಬರ್‌ನಲ್ಲಿ ಎದುರಿನ ಗೋಡೆಗೆ ಅಂಟಿಸಿ.